ಇಪ್ಪತ್ತೆಂಟು ದಾಟಬಾರದು

ಅಳತೆ ಗೊತ್ತಾಗದಿರುವ ತನಕ ನನ್ನಷ್ಟು ಧೈರ್ಯಸ್ಥ ನಮ್ಮ ಕೈಲಾಂಚ ಹೋಬಳಿಯಲ್ಲೇ ಇಲ್ಲ. ಐವತ್ನಾಲ್ಕು ವರ್ಷ ನನ್ನ ರಕ್ತ ಅದರ ಪಾಡಿಗೆ ಅದು ಓಡಾಡಿಕೊಂಡಿತ್ತು, ನನ್ನ ಪಾಡಿಗೆ ನಾನು ಓಡಾಡಿಕೊಂಡಿದ್ದೆ. ಒಂದು ದಿನ ನಮ್ಮ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದು, ಮಕ್ಕಳನ್ನೆಲ್ಲ ನೋಡಿ ಮುಗಿಸಿ, ಪುರುಸೊತ್ತಿದೆ ಎಂದು ನನ್ನ ತೋಳಿಗೂ ಪಟ್ಟಿ ಸುತ್ತಿ, "ಒಸಿ ಜಾಸ್ತಿ ಐತೆ ಮೇಷ್ಟ್ರೇ" ಎಂದರು. ಅಷ್ಟೇ! ಅವತ್ತಿನಿಂದ ಉಪ್ಪಿನಕಾಯಿ ಭರಣಿ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಮೆಟ್ಟಿಲು ಹತ್ತುವಾಗ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಪಟ್ಟಿ ಸುತ್ತುವ ಮೊದಲು ಇದೊಂದೂ ಇರಲಿಲ್ಲ. ಇಂಥ ಮನುಷ್ಯನ ಕೈಗೆ ಒಂದೇ ವಾರದಲ್ಲಿ ಎರಡೆರಡು ಉಷ್ಣಮಾಪಕ ಸಿಕ್ಕರೆ ಏನಾಗಬಹುದು ಎಂಬುದನ್ನು ಈಗ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೊದಲನೆಯ ಉಷ್ಣಮಾಪಕ ನಮ್ಮ ಹುಳದ ಮನೆಯದು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಆದರೆ ನಮ್ಮ ಮನೆಯ ನಿಜವಾದ ಮೇಷ್ಟ್ರು ನನ್ನ ಹೆಂಡತಿ ಜಯಮ್ಮ. ಹಿತ್ತಲಿನ ಹುಳದ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರೇಷ್ಮೆ ಹುಳ ಸಾಕುತ್ತಿದ್ದಾಳೆ, ಸೆಕೆಗೆ ಅಂತ ಒಂದು ಬೆಳೆಯನ್ನೂ ಕಳೆದುಕೊಂಡವಳಲ್ಲ. ನನ್ನ ಅಪ್ಪನ ಕಾಲದಲ್ಲಿ ಉಷ್ಣಮಾಪಕ ಎಲ್ಲಿತ್ತು? ಅಪ್ಪ ಅಂಗಿ ಬಿಚ್ಚಿ ಒಳಗೆ ಹೋಗಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಬೆನ್ನಿಗೆ ಗೊತ್ತಾಗುತ್ತಿತ್ತು. ಜಯಮ್ಮನಿಗೂ ಹಾಗೇ ಗೊತ್ತಾಗುತ್ತದೆ, ಆದರೂ ಗೋಡೆಯ ಮೊಳೆಗೆ ಒಂದು ಗಾಜಿನ ಉಷ್ಣಮಾಪಕ ನೇತುಹಾಕಿದ್ದಾಳೆ, ನನ್ನಂಥವರಿಗಾಗಿ. "ಇಪ್ಪತ್ತೆಂಟು ದಾಟಬಾರದು" ಎಂಬ ಮಾತು ನಮ್ಮ ಮನೆಯಲ್ಲಿ ಬೆಳಿಗ್ಗೆ ಸುಪ್ರಭಾತಕ್ಕಿಂತ ಮುಂಚೆ ಕೇಳಿಬರುತ್ತದೆ. ಇಪ್ಪತ್ತೆಂಟು ದಾಟಿದರೆ ಹುಳ ಸೊಪ್ಪು ಬಿಡುತ್ತದೆ, ಸಪ್ಪೆ ರೋಗ ಹಿಡಿಯುತ್ತದೆ, ತಿಂಗಳ ದುಡಿಮೆ ಎಲ್ಲ ತಿಪ್ಪೆಗೆ.

ಬೇಸಿಗೆ ರಜೆಯಲ್ಲಿ ಬೈರಾಪಟ್ಟಣದಲ್ಲಿರುವ ನನ್ನ ನಾದಿನಿ ಜಾರಿಬಿದ್ದು ಕಾಲಿಗೆ ಬ್ಯಾಂಡೇಜು ಹಾಕಿಸಿಕೊಂಡಳು. ಜಯಮ್ಮ ಮೂರು ದಿನ ಹೋಗಲೇಬೇಕಾಯಿತು. ಹುಳ ನಾಲ್ಕನೇ ಜ್ವರದಿಂದ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದ ಹೊತ್ತು. ಇನ್ನು ನಾಲ್ಕು ದಿನಕ್ಕೆ ಹಣ್ಣಾಗುತ್ತವೆ ಎಂಬುದು ಅವಳ ಲೆಕ್ಕ. ಹಣ್ಣಾದ ಹುಳ ಮೇವು ಬಿಟ್ಟು, ಮೈ ಹಳದಿ ತಿರುಗಿ, ತಲೆ ಎತ್ತಿ ಜಾಗ ಹುಡುಕುತ್ತದೆ. ಆ ಹೊತ್ತಿಗೆ ಸರಿಯಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ತಡವಾದರೆ ಸಿಕ್ಕಸಿಕ್ಕ ಕಡೆ ಹರಿದಾಡಿ ನೂಲು ಕಕ್ಕಿ ದಂಡವಾಗುತ್ತದೆ. "ಅಷ್ಟೊತ್ಗೆ ನಾ ಬಂದ್ಬುಟ್ಟಿರ್ತೀನಿ. ನೀವು ಸೊಪ್ಪು ಹಾಕಿ, ಡಿಗ್ರಿ ನೋಡಿ. ಇಪ್ಪತ್ತೆಂಟು ದಾಟ್ತು ಅಂದ್ರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಿ. ಇನ್ನೇನೂ ಮಾಡಬ್ಯಾಡಿ, ನಿಮ್ಮ ಕೈ ಮುಗೀತೀನಿ" ಎಂದು ಹೊರಟಳು. ಮದುವೆಯಾದ ಮೇಲೆ ಅವಳು ಹುಳದ ಮನೆಯನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಬಸ್ಸು ಹತ್ತಿಸಿ ಬಂದ ನನಗೆ ಹೆಮ್ಮೆ ಒಂದು ಪಾಲು, ಭಯ ಮೂರು ಪಾಲು.

ಎರಡನೆಯ ಉಷ್ಣಮಾಪಕ ಕಂಪ್ಯೂಟರಿನದು. ಅಂಕಪಟ್ಟಿ ತುಂಬಿಸುವಾಗ ಅದು ಎರಡು ಸಲ ತಾನಾಗಿ ಆರಿಹೋಗಿತ್ತು. ರಾಮನಗರದಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ರಫೀಕನ ಹತ್ತಿರ ಒಯ್ದೆ. ಅವನು ಪೆಟ್ಟಿಗೆ ಬಿಚ್ಚಿ, ಒಳಗಿನಿಂದ ಒಂದು ಮುಷ್ಟಿ ಧೂಳು ತೆಗೆದು ನನ್ನ ಮುಂದಿಟ್ಟು, "ಸಾರ್, ಇದರಲ್ಲಿ ರಾಗಿ ಬಿತ್ತಬಹುದು" ಎಂದ. ಆಮೇಲೆ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಕಂಪ್ಯೂಟರಿನ ಒಳಗೆ ಎಷ್ಟು ಬಿಸಿ, ಫ್ಯಾನು ಎಷ್ಟು ಜೋರು ಎಂದು ಪರದೆಯ ಮೂಲೆಯಲ್ಲಿ ತೋರಿಸುತ್ತಲೇ ಇರುತ್ತದಂತೆ, ಬಿಸಿ ಮಿತಿ ಮೀರಿದರೆ ಕೂಗಿ ಕರೆಯುತ್ತದಂತೆ. "ಎಷ್ಟಪ್ಪಾ ಇದಕ್ಕೆ?" ಎಂದೆ. "ಫ್ರೀ ಸಾರ್" ಎಂದ. ಅಲ್ಲಿಗೇ ನನಗೆ ಅನುಮಾನ ಹುಟ್ಟಿತು. ಬಿಟ್ಟಿ ಸಿಕ್ಕಿದ ಕ್ಯಾಲೆಂಡರಿನಲ್ಲಿ ಏಕಾದಶಿ ತಪ್ಪಿರುತ್ತದೆ ಎಂಬುದು ನನ್ನ ಅನುಭವ.

ಜಯಮ್ಮ ಹೋದ ದಿನ ಮಧ್ಯಾಹ್ನ ಕಂಪ್ಯೂಟರ್ ಹಾಕಿದೆ. ಸಾಫ್ಟ್‌ವೇರ್ ಬಲು ವಿನಯದಿಂದ ಕೇಳಿತು: ಎಷ್ಟು ಡಿಗ್ರಿ ದಾಟಿದರೆ ಎಚ್ಚರಿಸಬೇಕು? ಇದೂ ಒಂದು ಕೇಳುವ ಮಾತೇ? ಇಪ್ಪತ್ತೆರಡು ವರ್ಷದಿಂದ ನನಗೆ ಗೊತ್ತಿರುವುದು ಒಂದೇ ಮಿತಿ. ಯೋಚನೆಯನ್ನೇ ಮಾಡದೆ ಇಪ್ಪತ್ತೆಂಟು ಎಂದು ಒತ್ತಿದೆ. ಒತ್ತಿದ ಬೆರಳು ಎತ್ತುವುದರೊಳಗೆ ಅದು ಕಿಟಾರನೆ ಕಿರುಚಿಕೊಂಡಿತು. ನೋಡುತ್ತೇನೆ, ಅರವತ್ತೊಂಬತ್ತು! ಅಯ್ಯೋ ದೇವರೇ! ಎಂಟನೇ ತರಗತಿಯಿಂದ ಹತ್ತರವರೆಗಿನ ಅಂಕಗಳೆಲ್ಲ ಅದರೊಳಗೆ ಬೇಯುತ್ತಿವೆ ಅನ್ನಿಸಿತು.

ರಫೀಕನಿಗೆ ಫೋನು ಮಾಡಿದೆ. "ಅರವತ್ತೊಂಬತ್ತಾ? ಆರಾಮಾಗೈತೆ ಬಿಡಿ ಸಾರ್" ಎಂದ. ಆರಾಮವೆ? ನನಗೆ ಸಿಟ್ಟೇ ಬಂತು. "ಅರವತ್ತೊಂಬತ್ತು ಡಿಗ್ರೀಲಿ ಯಾವ ಪ್ರಾಣಿ ಬದುಕ್ತದೋ?" ಎಂದೆ. "ಸಾರ್, ಅದು ಪ್ರಾಣಿ ಅಲ್ಲ. ನಮ್ಮ ಅಬ್ಬಾ ಗೂಡು ಬೇಯಿಸಿ ನೂಲು ತೆಗೀವಾಗ ನೀರು ಕುದೀತಾ ಇರ್ಬೇಕು, ಇಲ್ಲಾಂದ್ರೆ ಎಳೇನೇ ಬರಲ್ಲ. ನೀವು ಎಪ್ಪತ್ತಕ್ಕೆ ಗಾಬರಿ ಆಯ್ತೀರಲ್ಲ! ಎಂಬತ್ತೈದು ಅಂತ ಇಟ್ಬುಟ್ಟು ನೆಮ್ಮದಿಯಾಗಿ ಮಲಗಿ" ಎಂದ. ನೂಲು ಬಿಚ್ಚುವವರ ಮನೆಯ ಮಗ, ಅವನಿಗೆ ಕುದಿಯುವುದೇ ಸಹಜ. ಹುಳ ಸಾಕುವವರ ಮನೆಯ ನನಗೆ ಎಂಬತ್ತೈದು ಎಂದು ಒತ್ತಲು ಬೆರಳೇ ಬಗ್ಗಲಿಲ್ಲ. ತುಂಬ ಧೈರ್ಯ ಮಾಡಿ ಮೂವತ್ತಕ್ಕೆ ಏರಿಸಿದೆ. ಅದು ಕಿರುಚುತ್ತಲೇ ಇತ್ತು.

ಬಿಟ್ಟಿ ಮಾಲು ಸುಳ್ಳು ಹೇಳುತ್ತಿರಬಹುದೆಂದು ಪರೀಕ್ಷೆಗಾಗಿ ಇನ್ನೊಂದು ಬಿಟ್ಟಿ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದು ಎಪ್ಪತ್ತೆರಡು ಎಂದಿತು. ಯಾರನ್ನು ನಂಬುವುದು? ಮೂರನೆಯದನ್ನೂ ಹಾಕಿದೆ. ಮೂರೂ ಒಟ್ಟಿಗೆ ಅಳೆಯುವ ಶ್ರಮಕ್ಕೋ ಏನೋ, ಕಂಪ್ಯೂಟರ್ ಎಪ್ಪತ್ತೆಂಟಕ್ಕೇರಿ ಬುಸುಗುಟ್ಟತೊಡಗಿತು. ನಡುನಡುವೆ ಹುಳದ ಮನೆಗೆ ಓಡುವುದು, ಸೊಪ್ಪು ಹರಡುವುದು, ಮೊಳೆಯ ಕಡೆ ನೋಡುವುದು, ಇಪ್ಪತ್ತಾರು, ಮತ್ತೆ ಇಲ್ಲಿಗೆ ಓಡಿಬರುವುದು, ಎಪ್ಪತ್ತೈದು. ಸಂಜೆ ಜಯಮ್ಮ ಫೋನಿನಲ್ಲಿ "ಹುಳ ಹೆಂಗವೆ?" ಎಂದಳು. "ಇಪ್ಪತ್ತಾರು" ಎಂದೆ. "ಅದು ಸರಿ, ಹುಳ ಹೆಂಗವೆ?" ಎಂದಳು. "ಇಪ್ಪತ್ತಾರು ಅಂದ್ನಲ್ಲ!" ಎಂದು ರೇಗಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಹಾಕಿದ ಸೊಪ್ಪು ಅಲ್ಲಲ್ಲಿ ಹಾಗೇ ಉಳಿದಿತ್ತು. ಸದ್ಯ, ಕೆಲಸ ಕಡಿಮೆಯಾಯಿತು ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ಆಗಲೇ ನನಗೆ ಆ ಬುದ್ಧಿ ಹೊಳೆದದ್ದು. ಪರದೆಯ ಅಂಕಿ ನಂಬದಿದ್ದರೇನು, ಇಪ್ಪತ್ತೆರಡು ವರ್ಷ ಸುಳ್ಳಾಡದ ಉಷ್ಣಮಾಪಕ ಮನೆಯಲ್ಲೇ ಇದೆಯಲ್ಲ! ಐದೇ ನಿಮಿಷಕ್ಕೆಂದು ಹುಳದ ಮನೆಯ ಮೊಳೆಯಿಂದ ಅದನ್ನು ಬಿಚ್ಚಿ ತಂದು, ಕಂಪ್ಯೂಟರಿನ ಹಿಂದೆ, ಬಿಸಿಗಾಳಿ ಬರುವ ಕಡೆ ದಾರ ಸಮೇತ ನೇತುಹಾಕಿ ಎದುರಿಗೆ ಕುಳಿತೆ. ಪಾದರಸ ಏರತೊಡಗಿತು. ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಐದು ನಿಮಿಷ ಹೋಗಿ ಒಂದು ಗಂಟೆಯೇ ಆಗಿತ್ತೇನೋ, ಫೋನು ಬಂತು.

"ಎಷ್ಟೈತೆ?" ಜಯಮ್ಮ.

"ಮೂವತ್ತೆಂಟು" ಎಂದೆ. ಅವಳ ಉಷ್ಣಮಾಪಕವೇ ಹೇಳುತ್ತಿದ್ದುದನ್ನು ನಾನು ಓದಿದೆ, ನನ್ನ ತಪ್ಪೇನು?

"ಹುಳ? ಹುಳ ಹೆಂಗವೆ?" ಎಂದಳು.

"ಯಾವ ಹುಳ?" ಎಂದೆ.

ಫೋನು ಕಟ್ಟಾಯಿತು. ಕಟ್ಟಾದ ಮೇಲೆ ನನಗೆ ನಾನೇನಂದೆ ಎಂಬುದು ತಲೆಗೆ ಹೋಯಿತು. ಮತ್ತೆ ಮತ್ತೆ ಮಾಡಿದೆ, ಎತ್ತಲಿಲ್ಲ. ಅವಳು ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ರಾಮನಗರಕ್ಕೆ, ಅಲ್ಲಿಂದ ಯಾರದೋ ಸ್ಕೂಟರಿನ ಹಿಂದೆ ಕುಳಿತು ಮಧ್ಯಾಹ್ನಕ್ಕೆ ಬಾಗಿಲಲ್ಲಿ ನಿಂತಾಗ ನಾನು ಗೋಣಿತಾಟು ನೆನೆಸಿ ಕಂಪ್ಯೂಟರ್ ಕೋಣೆಯ ಕಿಟಕಿಗೆ ಕಟ್ಟುತ್ತಿದ್ದೆ. ಒಳಗೆ ಅಲಾರಾಂ ಬಾಯಿಬಡಿದುಕೊಳ್ಳುತ್ತಿತ್ತು. ಅವಳು ಆ ಸದ್ದಿನ ಕಡೆಗೇ ಬಂದಳು. ಕಂಪ್ಯೂಟರ್ ನೋಡಿದಳು, ಅದರ ಬೆನ್ನಿಗೆ ನೇತಾಡುತ್ತಿದ್ದ ತನ್ನ ಉಷ್ಣಮಾಪಕ ನೋಡಿದಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿ ಸಿದ್ಧನಾದೆ. ಬೈಯಲಿಲ್ಲ. ಬಗ್ಗಿ, ಪೆಟ್ಟಿಗೆಯ ಮೂಲೆಯಿಂದ ಏನನ್ನೋ ಅಂಗೈಗೆ ತೆಗೆದುಕೊಂಡಳು. ಉಷ್ಣಮಾಪಕದ ದಾರ ಹಿಡಿದು ನನ್ನ ಜೊತೆ ಬಂದುಬಿಟ್ಟಿದ್ದ ಒಂದು ಹುಳ. ಮೈ ಹಳದಿಯಾಗಿ, ತಲೆ ಎತ್ತಿ ಆಡಿಸುತ್ತ, ಎಳೆ ಬಿಡುತ್ತಿತ್ತು.

"ಹಣ್ಣಾಗ್ಬುಟ್ಟವಲ್ರೀ!" ಎಂದು ಕೂಗಿ ಹಿತ್ತಲಿಗೆ ಓಡಿದಳು.

ಅವಳ ಲೆಕ್ಕಕ್ಕಿಂತ ಎರಡು ದಿನ ಮುಂಚೆಯೇ ಹಣ್ಣಾಗಿದ್ದವು. ಅರ್ಧ ಹುಳ ತಟ್ಟೆಯ ಅಂಚಿಗೆ ಬಂದು ತಲೆಯಾಡಿಸುತ್ತಿದ್ದವು. ದಿನಕ್ಕೆ ಐದು ಸಲ ಅವುಗಳ ನಡುವೆ ನಿಂತು ನಾನು ನೋಡಿದ್ದು ಮೊಳೆಯನ್ನು ಮಾತ್ರ. ಜಯಮ್ಮ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕೂಗಿ ಕರೆದಳು. ಸಂಜೆಯ ತನಕ ಎಲ್ಲರೂ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟರು. ನಾನು ಚಂದ್ರಿಕೆ ಹೊತ್ತೆ, ನೀರು ಕೊಟ್ಟೆ, ಯಾರ ಮುಖವನ್ನೂ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಜಗಲಿಯಲ್ಲಿ ಕಾಲು ಚಾಚಿ ಕುಳಿತ ಜಯಮ್ಮ, "ನೀವು ಸರಿಯಾಗಿ ನೋಡ್ಬುಟ್ಟು ಇಪ್ಪತ್ತಾರು ಅಂದಿದ್ರೆ ನಾಳೀಕೆ ಬತ್ತಿದ್ದೆ. ಅಷ್ಟೊತ್ಗೆ ಗೋಡೆಗೆಲ್ಲ ಗೂಡು ಕಟ್ಟಿರವು. ನಿಮ್ಮ ತಪ್ಪಿನಿಂದ ಬೆಳೆ ಉಳೀತು ಮೇಷ್ಟ್ರೇ" ಎಂದಳು. ಹೊಗಳಿದಳೋ ಬೈದಳೋ ಇವತ್ತಿಗೂ ಗೊತ್ತಾಗಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು.

ಗೂಡು ಚೆನ್ನಾಗಿ ಬಂತು. ರಫೀಕ ಬಂದು ಎರಡು ಸಾಫ್ಟ್‌ವೇರ್ ಕಿತ್ತುಹಾಕಿ, ಉಳಿದ ಒಂದಕ್ಕೆ ತಾನೇ ಎಂಬತ್ತೈದು ಎಂದು ಒತ್ತಿಹೋದ. ಅದು ಆಮೇಲೆ ಒಂದು ಸಲವೂ ಕೂಗಿಲ್ಲ. ಕೂಗದಿರುವುದರಿಂದ ನನಗೆ ಹೊಸ ಗಾಬರಿ, ದಿನಕ್ಕೆ ನಾಲ್ಕು ಸಲ ಕೂತು ಅಂಕಿ ನೋಡುತ್ತೇನೆ. ಮೊನ್ನೆ ಜಯಮ್ಮ ತಂಗಿಯ ಬ್ಯಾಂಡೇಜು ಬಿಚ್ಚಿಸಲು ಮತ್ತೆ ಬೈರಾಪಟ್ಟಣಕ್ಕೆ ಹೋದಳು. ಹುಳದ ಮನೆಯ ಬೀಗದ ಕೈ ಈ ಸಲ ಪಕ್ಕದ ಮನೆಗೆ ಹೋಯಿತು. ಸಂಜೆ ಫೋನು ಬಂತು. ಈ ಸಲ ಮೈಯೆಲ್ಲ ಕಿವಿಯಾಗಿ ಕೇಳಿ ಸರಿಯಾದ ಉತ್ತರ ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಅವಳು ಡಿಗ್ರಿ ಕೇಳಲಿಲ್ಲ, ಹುಳ ಕೇಳಲಿಲ್ಲ. "ನೀವು ಹೆಂಗಿದ್ದೀರಿ?" ಎಂದಳು.

ನಾನು ಪರದೆಯ ಮೂಲೆ ನೋಡಿ, "ಅರವತ್ತೆರಡು" ಎಂದೆ.