ಒದ್ದೆಯಾದರೆ ಸೊಂಟ, ಒಣಗಿದರೆ ಭುಜ

ಕೂದಲು ಬೆಳೆಸುವುದು ದೊಡ್ಡ ವಿದ್ಯೆಯೇನಲ್ಲ ಎಂದು ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ತೀರ್ಮಾನಿಸಿದೆ. ನಮ್ಮದು ರಾಗಿ ಬೆಳೆದ ಮನೆತನ, ಅವರೆ ಬೆಳೆದ ಮನೆತನ, ಮೂಲಂಗಿ ಬೆಳೆದು ಯಶವಂತಪುರದ ಮಾರ್ಕೆಟ್ಟಿಗೆ ಹೊತ್ತ ಮನೆತನ. ಪೀಣ್ಯದಲ್ಲಿ ಕಾರ್ಖಾನೆಗಳು ಬಂದು ನಮ್ಮ ಹೊಲದ ಮೇಲೆ ಶೆಡ್ಡುಗಳು ಎದ್ದ ಮೇಲೆ, ಬೆಳೆಯೋಣವೆಂದರೆ ನನಗೆ ಉಳಿದಿದ್ದ ಜಾಗ ತಲೆಯೊಂದೇ. ಅಷ್ಟು ಜಾಗದಲ್ಲಿ ಒಂದು ಬೆಳೆ ತೆಗೆಯಲಾರದವಳು ಒಕ್ಕಲು ಮನೆಯ ಮಗಳೇ? ನೀರು ಹಾಕುವುದು, ಗೊಬ್ಬರ ಹಾಕುವುದು, ಕಾದು ಕೂರುವುದು. ಇಷ್ಟೇ ತಾನೆ!

ಕೂದಲಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಎಳೆ ಜೇಡರ ಬಲೆಯಷ್ಟು ತೆಳು. ಒಂದೊಂದು ಎಳೆಯೂ ಬಾಲ್ ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತಿತ್ತು. ಗುಂಗುರು ಕೂದಲಿನವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅವರ ಕೂದಲು ಕೆಳಕ್ಕೆ ಇಳಿಯುತ್ತಿತ್ತು, ನನ್ನದು ಮೇಲಕ್ಕೆ ಏಳುತ್ತಿತ್ತು! ಪಕ್ಕದ ಮನೆಯಲ್ಲೇ ಇದ್ದ ದೊಡ್ಡವ್ವ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ನನಗೆ ‘ಕುರಿಮರಿ’ ಎಂದು ಹೆಸರಿಟ್ಟಳು. ಊರು ಅದನ್ನೇ ಹಿಡಿಯಿತು. ಜಯಮ್ಮ ಎಂಬ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲೇ ಉಳಿಯಿತು.

ನನಗೆ ಬೇಕಾಗಿದ್ದದ್ದು ಒಂದು ಫೋಟೋ. ನಮ್ಮ ಕಡೆ ವಯಸ್ಸಿಗೆ ಬಂದ ಹುಡುಗಿಯರಿಗೆಲ್ಲ ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆಸುತ್ತಿದ್ದರು. ಊರಿನ ಪ್ರತಿ ಮನೆಯ ಗೋಡೆಯಲ್ಲೂ ಅಂಥದ್ದೊಂದು ನೇತಾಡುತ್ತಿತ್ತು. ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನ ಕೂದಲಿಗೆ ಹೂ ಸಿಕ್ಕಿಸಿದರೆ ಹೂವೇ ಕಳೆದುಹೋಗುತ್ತಿತ್ತು.

ಮೊದಲ ಸಲಹೆ ದೊಡ್ಡವ್ವನಿಂದಲೇ ಬಂತು. “ದಿನಾ ನೂರು ಸಲ ಬಾಚು ಕಣೇ. ಎಳ್ದಂಗೆಲ್ಲ ಉದ್ದ ಬತ್ತದೆ.” ನಾನು ಶಿಸ್ತಿನ ಹುಡುಗಿ. ಬೆಳಗ್ಗೆ ನೂರು, ಸಂಜೆ ನೂರು. ಹದಿನೈದು ದಿನದಲ್ಲಿ ಮೂರು ಬಾಚಣಿಗೆಗಳ ಹಲ್ಲು ಉದುರಿದವು, ಅದಕ್ಕೂ ಮೊದಲೇ ಕೂದಲು ಮುರಿದಿತ್ತು. ಅಂಗಳದಲ್ಲಿ ಬಿದ್ದ ಎಳೆಗಳನ್ನು ಗುಬ್ಬಚ್ಚಿಗಳು ಕಚ್ಚಿಕೊಂಡು ಹೋಗಿ ಸೂರಿನಲ್ಲಿ ಗೂಡು ಕಟ್ಟಿದವು. ಆ ವರ್ಷ ನನ್ನ ಕೂದಲಿನಿಂದ ಉದ್ಧಾರವಾದದ್ದು ಅದೊಂದೇ ಸಂಸಾರ.

ಆಮೇಲೆ ಗೊಬ್ಬರದ ಸರದಿ. ಮೆಂತ್ಯ ನೆನೆಸಿ, ತರಿತರಿಯಾಗಿ ರುಬ್ಬಿ, ಮೊಸರು ಕಲಸಿ, ತಲೆಗೆ ದಪ್ಪಗೆ ಮೆತ್ತಿಕೊಂಡು ಭಾನುವಾರದ ಬಿಸಿಲಿಗೆ ಕೂತೆ. ಹಾಗೇ ಜೊಂಪು ಹತ್ತಿತು. ಮೆಂತ್ಯ ಒಣಗಿ ಗಾರೆಯಾಯಿತು. ಎಚ್ಚರವಾದದ್ದು ಯಾರೋ ನೆತ್ತಿಗೆ ಕುಕ್ಕಿದಾಗ. ನಮ್ಮದೇ ಹುಂಜ! ಅದರ ಹಿಂದೆ ಎರಡು ಹೇಂಟೆಗಳು ಸರದಿಯಲ್ಲಿ ನಿಂತಿದ್ದವು. ಅವ್ವ ಬಾಗಿಲಲ್ಲೇ ನಿಂತು, “ಇರ್ಲಿ ಬಿಡೇ, ಕಾಳು ಅಂದ್ಕೊಂಡ್ವೇನೋ, ತಿಂದ್ಕೊಳ್ಲಿ” ಎಂದಳು. ಅವಳಿಗೆ ಕೋಳಿಗಳ ಮೇಲೆ ಯಾವಾಗಲೂ ನನಗಿಂತ ಒಂದು ಕೈ ಹೆಚ್ಚು ಪ್ರೀತಿ.

ಮೂರನೆಯದು ನನ್ನ ಸ್ವಂತ ಬುದ್ಧಿ. ಬಟ್ಟೆಯ ಸುಕ್ಕು ಹೋಗುವುದಾದರೆ ಕೂದಲಿನ ಸುಕ್ಕು ಯಾಕೆ ಹೋಗಬಾರದು? ದೊಡ್ಡವ್ವನ ಮಗಳು ಶಾರದಾಳ ಕೈಗೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಕೊಟ್ಟು, ಮಣೆಯ ಮೇಲೆ ಕೂದಲು ಹರವಿ ಮಲಗಿದೆ.

“ಅಕ್ಕ, ಹೊಗೆ ಬತ್ತೈತೆ.”

“ಅದು ಆವಿ ಕಣೇ. ಒತ್ತು!”

ಒತ್ತಿದಳು. ಅಷ್ಟರಲ್ಲಿ ಅವ್ವ ಬೀದಿಯಿಂದ ಮೂಗರಳಿಸಿಕೊಂಡು ಬಂದಳು. “ಯಾರ ಮನೇಲೇ ಇವತ್ತು ಕುರಿ ತಲೆಕಾಲು ಸುಡ್ತಾವ್ರೆ?” ಎಂದು ಖುಷಿಯಿಂದಲೇ ಕೇಳಿದಳು. ನಮ್ಮ ಮನೆಯಲ್ಲೇ. ಕಾಲು ಇರಲಿಲ್ಲ, ತಲೆ ಮಾತ್ರ.

ಬಲಗಿವಿಯ ಹಿಂದೆ ಅಂಗೈಯಗಲ ಕೂದಲು ಕರಕಲಾಗಿತ್ತು. ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೇರವಾಗಿ ದೇವರ ಗೂಡಿನ ಮುಂದೆ ಹೋಗಿ, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಮುಡಿಪಿಟ್ಟು, ಬೆಟ್ಟದ ಮೇಲಿನ ನಮ್ಮ ಮನೆದೇವರಿಗೆ ಕೈಮುಗಿದಳು. “ಅಪ್ಪಾ ತಂದೆ, ನನ್ ಮಗಳಿಗೆ ಸೊಂಟ ಮುಟ್ಟಂಗೆ ಕೂದ್ಲು ಕೊಡು. ಕೊಟ್ರೆ ಅದ್ನ ನಿಂಗೇ ಮುಡಿ ಕೊಡಿಸ್ತೀನಿ.”

ನಾನು ದಡಬಡಿಸಿ ಎದ್ದೆ. “ಅವ್ವಾ, ಮುಡಿ ಅಂದ್ರೆ ಬೋಳಿಸೋದಲ್ವಾ?”

“ಊಂ.”

“ಬೋಳಿಸೋಕೆ ಯಾಕವ್ವಾ ಬೆಳೆಸ್ಬೇಕು?”

“ಕೊಟ್ಟೋನಿಗೆ ಕೊಡ್ದೆ ಇನ್ಯಾರಿಗೆ ಕೊಡ್ತೀಯೆ?”

“ಬೇರೇನಾದ್ರೂ ಕೊಡ್ತೀನಿ ಅನ್ಬಾರ್ದಾಗಿತ್ತಾ? ಒಂದು ತೆಂಗಿನಕಾಯಿ?”

“ಕೂದ್ಲು ಇಸ್ಕೊಂಡು ಕಾಯಿ ಕೊಡ್ತಾರೇನೇ? ದೇವ್ರೇನು ದಡ್ಡನಾ?”

ದಡ್ಡರು ಯಾರೆಂದು ಆವತ್ತು ಇತ್ಯರ್ಥವಾಗಲಿಲ್ಲ. ಬೆಳೆದರೆ ತಾನೆ ಬೋಳಿಸುವುದು ಎಂದು ನಾನು ಸುಮ್ಮನಾದೆ.

ಅದೇ ವರ್ಷ ಒಂದು ಟ್ರಾನ್ಸ್‌ಫಾರ್ಮರ್ ಶೆಡ್ಡಿನಲ್ಲಿ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದೆ. ಶೆಡ್ಡು ಇದ್ದದ್ದು ನಮ್ಮ ಹಳೆಯ ಅವರೆ ಹೊಲದಲ್ಲೇ. ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಬಾಬಿನ್ನಿಗೆ ಸಾವಿರಾರು ಸುತ್ತು ಸುತ್ತಬೇಕು. ಪಕ್ಕದ ಮಿಷನ್ನಿನಲ್ಲಿ ಸ್ಟೆಲ್ಲಾ ಅಕ್ಕ ಕೂರುತ್ತಿದ್ದಳು. ಹತ್ತು ವರ್ಷದ ಅನುಭವ, ನಾಲಿಗೆ ಮಾತ್ರ ಕತ್ತರಿ. ಒಂದು ದಿನ ಊಟದ ಹೊತ್ತಿನಲ್ಲಿ ನಾನು ಹಲ್ಲು ಕಚ್ಚಿಕೊಂಡು ತಲೆ ಬಾಚುತ್ತಿರುವುದನ್ನು ನೋಡಿದಳು.

“ಏ ಹುಡುಗಿ, ವೈರ್ ಸಿಕ್ಕಾದ್ರೆ ಹಿಂಗೇ ಎಳೀತೀಯಾ?”

“ಅಯ್ಯೋ, ಇಲ್ಲಪ್ಪ. ಕಟ್ ಆಗುತ್ತೆ.”

“ಮತ್ತೆ ಏನ್ ಮಾಡ್ತೀಯ?”

“ತುದಿಯಿಂದ ನಿಧಾನಕ್ಕೆ ಬೆರಳಲ್ಲಿ ಬಿಡಿಸ್ತೀನಿ.”

“ಕಂಪನಿ ವೈರ್‌ಗೆ ಇರೋ ಮರ್ಯಾದೆ ನಿನ್ನ ತಲೆಗಿಲ್ವಾ?”

ಅಷ್ಟು ದಿನ ಯಾರೂ ಹೇಳದ ಮಾತನ್ನು ಅವಳು ಅರ್ಧ ಇಡ್ಲಿ ಬಾಯಲ್ಲಿಟ್ಟುಕೊಂಡು ಹೇಳಿಬಿಟ್ಟಳು. ಅವತ್ತಿನಿಂದ ಬಾಚಣಿಗೆ ಎತ್ತಿಟ್ಟೆ. ವಾರಕ್ಕೊಂದು ಸಲ ಕೊಬ್ಬರಿ ಎಣ್ಣೆ, ದಾಸವಾಳದ ಎಲೆಯ ಲೋಳೆ. ಒದ್ದೆ ಇರುವಾಗಲೇ ತುದಿಯಿಂದ ಬೆರಳಲ್ಲಿ ಬಿಡಿಸುವುದು, ಸಡಿಲವಾಗಿ ಹೆಣೆದು ಹಳೆಯ ಮೆತ್ತನೆ ಬಟ್ಟೆ ಸುತ್ತಿ ಮಲಗುವುದು, ಮಿಕ್ಕ ಆರು ದಿನ ಅದರ ತಂಟೆಗೆ ಹೋಗದಿರುವುದು. ಕೂದಲು ಮುರಿಯುವುದು ನಿಂತಿತು. ಬೆಳೆಯತೊಡಗಿತು!

ಆದರೆ ಯಾರಿಗೂ ಕಾಣಲಿಲ್ಲ. ಅದೇ ಈ ಕೂದಲಿನ ತಮಾಷೆ. ಬಚ್ಚಲಲ್ಲಿ ಒದ್ದೆ ಮಾಡಿ ಎಳೆದು ಹಿಡಿದರೆ ಬೆನ್ನು ದಾಟುತ್ತಿತ್ತು. ಒಣಗಿತೋ, ಸುರುಳಿ ಸುತ್ತಿಕೊಂಡು ಭುಜದ ಮೇಲೆ ಬಂದು ಕೂರುತ್ತಿತ್ತು. ಮೂರು ವರ್ಷ ಕಳೆಯುವ ಹೊತ್ತಿಗೆ ಒದ್ದೆಯಾದರೆ ಸೊಂಟ, ಒಣಗಿದರೆ ಭುಜ. ಬಚ್ಚಲಿನ ಬಾಗಿಲು ಹಾಕಿಕೊಂಡು ನಾನೊಬ್ಬಳೇ ಶ್ರೀಮಂತೆ, ಹೊರಗೆ ಬಂದರೆ ಅದೇ ಕುರಿಮರಿ.

ಹರಕೆಯ ವಿಚಾರವಾಗಿ ನಾನು ಒಳ್ಳೆಯ ವಕೀಲರ ಹಾಗೆ ಯೋಚಿಸಿದ್ದೆ. ಅವ್ವ ಸೊಂಟ ಎಂದಿದ್ದಳೇ ಹೊರತು ಒದ್ದೆಯೋ ಒಣವೋ ಎಂದು ಹೇಳಿರಲಿಲ್ಲ. ಒಣ ಲೆಕ್ಕ ಹಿಡಿದರೆ ಇನ್ನೂ ಹತ್ತು ವರ್ಷ ವಾಯಿದೆ ಇದೆ. ದೇವರು ಕೊಟ್ಟಾಯಿತು, ಅವ್ವನಿಗೆ ಕಂಡಿಲ್ಲ, ನನ್ನ ಹತ್ತಿರ ಉಳಿದಿದೆ. ಬಾಯಿ ಮುಚ್ಚಿಕೊಂಡಿರುವುದೊಂದೇ ನನ್ನ ಕೆಲಸ. ಶಾರದಾಳ ಮದುವೆ ಮುಗಿದ ಮೇಲೆ ಸ್ಟೆಲ್ಲಾ ಅಕ್ಕನ ಜೊತೆ ಗುಟ್ಟಾಗಿ ಸ್ಟುಡಿಯೋಗೆ ಹೋಗುವುದೆಂದೂ ಗೊತ್ತುಮಾಡಿಕೊಂಡಿದ್ದೆ.

ಆ ಮದುವೆಯ ಹಿಂದಿನ ದಿನ ದೊಡ್ಡವ್ವನ ಮನೆಯ ಚಪ್ಪರದಲ್ಲಿ ಹೆಂಗಸರೆಲ್ಲ ಸೇರಿದ್ದರು. ದೊಡ್ಡವ್ವ ಶಾರದಾಳನ್ನು ಮುಂದೆ ಕೂರಿಸಿಕೊಂಡು ಮೊಗ್ಗಿನ ಜಡೆ ಹೊಲಿಯುತ್ತಿದ್ದಳು. ಮಲ್ಲಿಗೆ ಮೊಗ್ಗು ಎತ್ತಿ ಕೊಡುವ ಕೆಲಸ ನನ್ನದು. ಅಲ್ಲಿದ್ದ ಒಬ್ಬ ಅಜ್ಜಿ, “ಮುಂದಿನ್ದು ಜಯಮ್ಮಂದೇ ಅಲ್ವಾ?” ಎಂದಳು.

ದೊಡ್ಡವ್ವ ಸೂಜಿ ಎತ್ತಿ ಹಿಡಿದು ನಕ್ಕಳು. “ಇವಳ ತಲೆಗೆ ಮೊಗ್ಗಿನ ಜಡೆನಾ? ಕೊಟ್ಟಿಗೇಲಿರೋ ಕುರಿಗೆ ಮೊದ್ಲು ಹೆಣೀತೀನಿ, ಅದರ ತುಪ್ಪಟಾನೇ ಇವಳದಕ್ಕಿಂತ ಉದ್ದ ಐತೆ!”

ಚಪ್ಪರವೆಲ್ಲ ನಕ್ಕಿತು. ಅದು ನನಗೆ ಅಭ್ಯಾಸವಾಗಿದ್ದ ನಗು. ಆದರೆ ಅವ್ವನೂ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಮೊಗ್ಗಿನ ತಟ್ಟೆ ನೆಲಕ್ಕೆ ಕುಕ್ಕಿ ಎದ್ದೆ. ಬಚ್ಚಲಿಗೆ ಹೋಗಿ ತಲೆಯ ಮೇಲೆ ಎರಡು ಬಿಂದಿಗೆ ತಣ್ಣೀರು ಸುರಿದುಕೊಂಡೆ. ಉಟ್ಟಿದ್ದು ಹೊಸ ಸೀರೆ ಎಂಬುದೂ ನೆನಪಾಗಲಿಲ್ಲ. ನೀರು ಸುರಿಸುತ್ತಾ ಚಪ್ಪರದ ನಡುವೆ ಬಂದು ನಿಂತು, ಕೂದಲನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದೆ.

“ನೋಡ್ರೀ! ಎಲ್ರೂ ನೋಡ್ರೀ! ಯಾವ ಕುರಿಗೈತೆ ಇಷ್ಟುದ್ದ?”

ದೊಡ್ಡವ್ವ ಎದ್ದು ಬಂದು, ನನ್ನ ನೆತ್ತಿಯಿಂದ ಗೇಣು ಹಾಕುತ್ತಾ ಇಳಿದಳು. ಒಂದು, ಎರಡು, ಮೂರು, ನಾಲ್ಕು. “ಅಯ್ಯೋ ಶಿವನೇ! ಸೊಂಟ ದಾಟೈತೆ ಕಣ್ರವ್ವಾ!”

ನನ್ನ ಜೀವಮಾನದ ಅತ್ಯಂತ ಸುಖದ ಗಳಿಗೆ ಅದು. ಅಬ್ಬಬ್ಬಾ ಎಂದರೆ ಹತ್ತು ಎಣಿಸುವಷ್ಟು ಹೊತ್ತು ಇತ್ತು. ಆಮೇಲೆ ನಾನು ಅವ್ವನ ಕಡೆ ತಿರುಗಿದೆ. ಅವ್ವ ನನ್ನನ್ನು ನೋಡುತ್ತಿರಲಿಲ್ಲ. ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದಿದ್ದಳು.

“ಕೊಟ್ಬಿಟ್ಟೆಯಲ್ಲಪ್ಪಾ, ಕೊಟ್ಬಿಟ್ಟೆ!”

ನನ್ನ ವಕೀಲಿಕೆಯೆಲ್ಲ ನೀರಿನ ಜೊತೆ ಹರಿದು ಚಪ್ಪರದ ನೆಲ ಸೇರಿತು. ದೊಡ್ಡವ್ವ ಪಾಪ, ಮನಸ್ಸು ಕರಗಿ, “ಬಾರೇ, ನಿಂಗೂ ಇವತ್ತೇ ಮೊಗ್ಗಿನ ಜಡೆ ಹಾಕ್ತೀನಿ” ಎಂದು ಕೈ ಹಿಡಿದಳು. ಅವ್ವ ಅಡ್ಡ ಬಂದಳು. “ಬ್ಯಾಡಕ್ಕ. ಅದೀಗ ದೇವ್ರ ಸೊತ್ತು. ಅದಕ್ಕೆ ಸಿಂಗಾರ ಮಾಡ್ಬಾರ್ದು.”

“ಒಂದೇ ಒಂದು ಫೋಟೋ ಅವ್ವಾ. ಒಂದು ದಿನ ಬಿಡು ಸಾಕು” ಎಂದು ಅಷ್ಟು ಜನರ ಮುಂದೆ ಅಂಗಲಾಚಿದೆ.

“ಇನ್ನೊಬ್ರ ಒಡವೆ ಹಾಕ್ಕೊಂಡು ಫೋಟೋ ಹಿಡಿಸ್ಕೊಂಡಂಗೆ ಆಗಲ್ವೇನೇ? ಸುಮ್ಕಿರು” ಎಂದಳು. ನನ್ನ ತಲೆಯ ಕೂದಲು ಇನ್ನೊಬ್ಬರ ಒಡವೆ! ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಅಪ್ಪನ ಮುಖ ನೋಡಿದೆ. ಅಪ್ಪ ಬೀಡಿ ಹಚ್ಚಿಕೊಂಡು ಚಪ್ಪರದಿಂದ ಆಚೆ ಹೋದ.

ಫ್ಯಾಕ್ಟರಿಯಲ್ಲಿ ಸ್ಟೆಲ್ಲಾ ಅಕ್ಕನಿಗೆ ಹೇಳಿದರೆ ಅವಳು ತಂತಿ ಬಿಟ್ಟು ಹಣೆ ಚಚ್ಚಿಕೊಂಡಳು. “ಮೂರು ವರ್ಷ ಮುಚ್ಕೊಂಡಿದ್ದೋಳಿಗೆ ಇನ್ನೆರಡು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?”

“ನಿಮ್ಮ ದೇವರು ಕೂದ್ಲು ಕೇಳಲ್ವಾ ಅಕ್ಕಾ?”

“ಇಲ್ಲ ಕಣೇ. ಮೊಂಬತ್ತಿ ಕೊಟ್ರೆ ಸಾಕು” ಎಂದಳು.

ಮುಂದಿನ ಶನಿವಾರ ಬೆಟ್ಟಕ್ಕೆ ಹೋದೆವು. ಮುಡಿ ತೆಗೆಯುವವನು ತಲೆಗೆ ನೀರು ಚಿಮುಕಿಸಿ, “ಬಲೇ ನಯವಾದ ಕೂದ್ಲು ತಾಯಿ, ಕತ್ತಿಗೆ ಕೆಲಸಾನೇ ಇಲ್ಲ” ಎಂದ. ನನ್ನ ಕೂದಲನ್ನು ಹೊಗಳಿದ ಮೊದಲ ಗಂಡಸು ಅವನೇ. ಮೂರು ವರ್ಷದ ಬೆಳೆಯನ್ನು ಮೂರು ನಿಮಿಷದಲ್ಲಿ ಕಟಾವು ಮಾಡಿದ. ನಾನು ಅಳಬಾರದೆಂದು ಶಪಥ ಮಾಡಿಕೊಂಡಿದ್ದೆ. ಅತ್ತೆ.

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬಿದ್ದ ಕೂದಲು ನೋಡನೋಡುತ್ತಿದ್ದಂತೆ ಒಣಗಿ, ಸುರುಳಿ ಸುತ್ತಿಕೊಂಡು, ಒಂದು ತೆಂಗಿನಕಾಯಿಯ ಗಾತ್ರಕ್ಕೆ ಬಂತು. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸಿನ ನೆಟ್ಟನೆಯ ಕೂದಲು ಹಗ್ಗದ ಹಾಗೆ ಉದ್ದಕ್ಕೆ ಬಿದ್ದಿತ್ತು. ಅವ್ವ ಬಂದು ಅದನ್ನೊಮ್ಮೆ ನೋಡಿದಳು, ಇದನ್ನೊಮ್ಮೆ ನೋಡಿದಳು. ಮುಖ ಸಣ್ಣಗಾಯಿತು.

“ಇಷ್ಟೇನೇನೇ? ಇದು ಸೊಂಟ ಮುಟ್ಟಿತ್ತಾ?”

ನಾನು ಕಣ್ಣೊರೆಸಿಕೊಂಡೆ.

“ನಾನೇ ಆತ್ರ ಬಿದ್ಬಿಟ್ನೇನೋ ಕಣೇ. ಇನ್ನೂ ಎಲ್ಡು ವರ್ಸ ಬಿಟ್ಟು ಬರ್ಬೌದಾಗಿತ್ತು.”

ಬುದ್ಧಿ ಇರುವ ಯಾವ ಹೆಣ್ಣಾದರೂ ಆಗ ಏನು ಮಾಡಬೇಕು? ಅವ್ವನ ಜುಟ್ಟು ಹಿಡಿಯಬೇಕು. ಇಲ್ಲವೇ ಬೆಟ್ಟ ಅದುರುವ ಹಾಗೆ ಕಿರುಚಬೇಕು. ನಾನೇನು ಮಾಡಿದೆ ಗೊತ್ತೆ? ಬಗ್ಗಿ ಆ ಗುಡ್ಡೆಯಿಂದ ಒಂದು ಎಳೆ ಎತ್ತಿಕೊಂಡೆ. ಕ್ಷೌರದವನ ಬಟ್ಟಲಿನ ನೀರಿನಲ್ಲಿ ಅದ್ದಿದೆ. ಒಂದು ತುದಿಯನ್ನು ಬೋಳು ನೆತ್ತಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬೆನ್ನ ಹಿಂದೆ ಸೊಂಟದವರೆಗೆ ಎಳೆದು, “ಸರಿಯಾಗಿ ನೋಡವ್ವಾ! ಮುಟ್ಟಿತ್ತೋ ಇಲ್ವೋ?” ಎಂದು ಗದರಿದೆ. ಸಾಕ್ಷಿಗೆ ಕ್ಷೌರದವನನ್ನೂ ಕರೆದೆ. ಅವನು ಕತ್ತು ಓರೆ ಮಾಡಿ ನೋಡಿ, “ಮುಟ್ಟೈತೆ ತಾಯಿ, ಒಂದು ಬೆಟ್ಟು ಜಾಸ್ತಿನೇ ಐತೆ” ಎಂದು ತೀರ್ಪು ಕೊಟ್ಟ.

ಅವ್ವನ ಮುಖ ಅರಳಿತು. “ಅಂಗಾದ್ರೆ ಹರಕೆ ಸರಿಯಾಗೇ ಸಂದೈತೆ ಬಿಡು” ಎಂದು ನಿಟ್ಟುಸಿರು ಬಿಟ್ಟಳು. ನಾನು ಗೆದ್ದಿದ್ದೆ! ಗೆದ್ದ ಹೆಮ್ಮೆಯಲ್ಲಿ ಆ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾಗ ಕ್ಷೌರದವನು ಕೈ ಚಾಚಿದ.

“ಅದ್ನೂ ಇಲ್ಲೇ ಹಾಕಮ್ಮ, ದೇವ್ರದು.”

ಹಾಕಿದೆ.