ಹುಚ್ಚಿಯಾಗಲು ಬಸ್ ಹತ್ತಿದ ಅಕ್ಕ

ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ಜಾಲಾಡಿದರೂ, ತಲೆ ನೆಟ್ಟಗಿದ್ದು, ಕೈಯಾರೆ ಬಸ್ ಚಾರ್ಜು ಕೊಟ್ಟು ಹೋಗಿ ಹುಚ್ಚಿಯಾಗಿ ಬಂದ ಹೆಂಗಸು ಒಬ್ಬಳೇ ಸಿಗುತ್ತಾಳೆ. ಅವಳು ನನ್ನ ಅಕ್ಕ! ಅದೂ ಒಂದು ಸಲ ಅಲ್ಲ, ಎರಡು ಸಲ. ಎರಡು ಸಲವೂ ಜೊತೆಗೆ ಹೋದವಳು ನಾನು.

ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಇಂಥ ಹೊತ್ತಿನಲ್ಲಿ ನಗಬಾರದು ಎಂದು ನಮ್ಮ ಓಣಿಯ ಹಿರಿಯರು ಹೇಳುತ್ತಾರೆ. ಯಾಕೆ ನಗಬಾರದು? ಅಕ್ಕನನ್ನು ನೆನೆದು ನಗದಿದ್ದರೆ ಬೇರೆ ಯಾರನ್ನೋ ನೆನೆದ ಹಾಗಾಗುತ್ತದೆ. ನಾನು ಹತ್ತನೆಯ ತರಗತಿಗೆ ಓದು ನಿಲ್ಲಿಸಿದವಳು, ಬಣ್ಣ ಕಟ್ಟಿ ಬರೆಯಲು ಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಮ್ಮ ಕಡೆ ಸಂತೆಯಲ್ಲಿ ಎತ್ತು ಮೆಚ್ಚಿದರೆ ಸಾಲದು. ಅದನ್ನು ಹೊಲಕ್ಕೆ ಹೊಡೆದುಕೊಂಡು ಹೋಗಿ, ನೊಗಕ್ಕೆ ಹೂಡಿ, ಗಳೆ ಹೊಡೆದು ನೋಡುತ್ತಾರೆ. ನಡೆದರೆ ವ್ಯಾಪಾರ, ಮಲಗಿದರೆ ವಾಪಸ್. ಎಲ್ಲರೂ ಎತ್ತಿಗೆ ಮಾತ್ರ ಮಾಡುವ ಈ ಕೆಲಸವನ್ನು ಅಕ್ಕ ಲೋಕಕ್ಕೆಲ್ಲ ಮಾಡುತ್ತಿದ್ದಳು. ಚಪ್ಪಲಿ ಅಂಗಡಿಗೆ ಹೋದರೆ, ಹೊಸ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುವವಳು. ಅಂಗಡಿಯವನು ಅಲ್ಲಿಯತನಕ ಅವಳ ಹಳೆಯ ಚಪ್ಪಲಿಯನ್ನು ಒತ್ತೆಯಾಳಿನಂತೆ ಕಾಯಬೇಕು!

ಮದುವೆಗೆ ಮುಂಚೆ ನನ್ನನ್ನು ನೋಡಲು ನಮ್ಮವರು ಬಂದಾಗ ಉಪ್ಪಿಟ್ಟಿನ ತಾಟು ಇನ್ನೂ ಅವರ ಕೈಯಲ್ಲಿತ್ತು. ಅಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡು ಓಡಿತು. ಗಂಡಸರು ಬೇರೆ ಯಾರೂ ಇಲ್ಲ, ನೀವೇ ಹಿಡಿದು ಕೊಡಬೇಕು ಎಂದು ಅಕ್ಕ ಅವರನ್ನು ಓಡಿಸಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಓಣಿಯುದ್ದ ಓಡಿ, ಕೆಸರಲ್ಲಿ ಬಿದ್ದು, ಕರು ಹಿಡಿದು ತಂದರು. ಹಗ್ಗ ಬಿಚ್ಚಿದವಳು ಅವಳೇ ಎಂದು ನನಗೆ ತಿಳಿದದ್ದು ಅವಳು ಒಳಗೆ ಬಂದು ಹೇಳಿದಾಗ. 'ಬಿದ್ದರೂ ಸಿಟ್ಟಿಗೇಳಲಿಲ್ಲ, ನಕ್ಕಾನ. ಹೂಂ ಅನ್ನು.' ನಾನು ಹೂಂ ಅಂದೆ. ಇವತ್ತಿಗೂ ಅವರು ಹಾಗೇ ಇದ್ದಾರೆ.

ಅಕ್ಕನ ಮನೆ ಹುಣಸಗಿ ಹತ್ತಿರದ ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ನೋಡಿಕೊಂಡಳು. ಕಾಲುವೆ ನೀರು ಬಂದಿದ್ದೇ ಸೀಮೆಗೆ ಸೀಮೆಯೇ ಭತ್ತ ಹಚ್ಚಿ ಹಸಿರಾಯಿತು. ಅಕ್ಕ ಭತ್ತವನ್ನೂ ಹೂಡಿ ನೋಡಿದಳು. ಒಂದು ಹಂಗಾಮು ಬೆಳೆದು, ಮೂರು ಹೊತ್ತೂ ಅನ್ನವನ್ನೇ ಉಂಡು, ಮಧ್ಯಾಹ್ನ ನಿದ್ದೆ ಬರುತ್ತದೆ ಎಂದು ದೂರಿ, ಮತ್ತೆ ಜೋಳಕ್ಕೇ ಬಂದಳು. ಸುತ್ತ ಗದ್ದೆಯ ನೀರು, ನಡುವೆ ಅಕ್ಕನ ಹಟಮಾರಿ ಜೋಳ! ಭತ್ತವನ್ನು ವಾಪಸ್ ಮಾಡಿದವಳು ಕಾಲುವೆಯನ್ನೂ ವಾಪಸ್ ಮಾಡಿಯಾಳು ಎಂದು ನಮ್ಮವರಿಗೆ ಅಳುಕು. ಅವರ ನೌಕರಿ ನೀರಾವರಿ ಕಚೇರಿಯಲ್ಲಿ.

ಇಂಥವಳ ಕೈಗೆ ನನ್ನ ಮಗಳ ಭವಿಷ್ಯ ಸಿಕ್ಕಿತು.

ಮಗಳು ಪಿಯುಸಿಯಲ್ಲಿದ್ದಾಗ ಹಾಸ್ಟೆಲಿನಲ್ಲಿ ಅವಳ ಗೆಳತಿಯೊಬ್ಬಳು ಊಟ ಬಿಟ್ಟಳು, ಮಾತು ಬಿಟ್ಟಳು. ಮನೆಯವರು ಬಂದು ತಾಯಿತ ಕಟ್ಟಿ ಕರೆದುಕೊಂಡು ಹೋದರು, ಹುಡುಗಿ ಮತ್ತೆ ಓದಿಗೆ ಬರಲಿಲ್ಲ. ಅಂದಿನಿಂದ ನನ್ನ ಮಗಳದು ಒಂದೇ ಮಾತು, ಮನಸ್ಸಿನ ಕಾಯಿಲೆಯವರನ್ನು ನೋಡುವ ಓದು ಓದಬೇಕು. ಅದಕ್ಕೆ ದಾರಿ ಎರಡು. ಒಂದು, ಡಾಕ್ಟರಿಕೆ ಓದಿ ಆಮೇಲೆ ಸೈಕಿಯಾಟ್ರಿ ಮಾಡುವುದು. ಇವರು ಔಷಧ ಬರೆಯುತ್ತಾರೆ. ಇನ್ನೊಂದು, ಬಿ.ಎ.ಯಿಂದ ಹಿಡಿದು ಮನಶ್ಶಾಸ್ತ್ರವನ್ನೇ ಓದಿ ಕ್ಲಿನಿಕಲ್ ಸೈಕಾಲಜಿ ಮಾಡುವುದು. ಇವರು ಔಷಧ ಬರೆಯುವುದಿಲ್ಲ, ಕೂಡಿಸಿಕೊಂಡು ಮಾತಾಡಿಸಿ ಗುಣ ಮಾಡುತ್ತಾರೆ. ಅವಳ ಒಲವು ಎರಡನೆಯದಕ್ಕೆ. ಆದರೆ ನಮ್ಮ ಭಾಗದ ಮೀಸಲಾತಿಯಲ್ಲಿ ಮೆಡಿಕಲ್ ಸೀಟು ಸಿಕ್ಕೇಬಿಟ್ಟಿತು! ಕೈಗೆ ಬಂದ ಸೀಟು ಬಿಡಲು ಅವಳಿಗೂ ಧೈರ್ಯ ಸಾಲುತ್ತಿರಲಿಲ್ಲ. ಹೋಗಿ ಸೇರಲು ಉಳಿದಿದ್ದದ್ದು ಕೆಲವೇ ದಿನ.

ಮನೆಯಲ್ಲಿ ಸಭೆ ಸೇರಿತು. ನಮ್ಮವರ ಅಣ್ಣ ಸುರಪುರದ ಬಟ್ಟೆ ವ್ಯಾಪಾರಿಗಳು. ಅವರು ಬಂದವರೇ, ಮಾತಾಡುವುದಕ್ಕೂ ಓದಬೇಕೇ, ನಮ್ಮ ಅಂಗಡಿ ಕಟ್ಟೆಯಲ್ಲಿ ಕೂತರೆ ಪುಕ್ಕಟೆ ಕಲಿಯಬಹುದಲ್ಲ ಎಂದರು. ಅಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ತಲೆ ಎತ್ತದೆಯೇ ಅಂದಳು.

'ನಿಮ್ಮ ಕಟ್ಟಿ ಮ್ಯಾಲ ಎಲ್ಲಾರೂ ಮಾತಾಡ್ತಾರರಿ. ಕೇಳಾಂವ ಒಬ್ಬನರ ಅದಾನೇನು?'

ಆಮೇಲೆ ನನ್ನ ಕಡೆ ತಿರುಗಿ, ಎರಡೂ ಹೂಡಿ ನೋಡೋಣ ಎಂದಳು. ನನಗೆ ಅರ್ಥವಾಗಲಿಲ್ಲ. ಮರುದಿನ ಯಾದಗಿರಿ ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು. ರೋಗಿ ಅವಳು, ರೋಗಿಯ ಕಡೆಯವಳು ನಾನು!

ಯಾದಗಿರಿಯ ಮನೋವೈದ್ಯರು ತಾಳ್ಮೆಯ ಮನುಷ್ಯ. ಅಕ್ಕ ಕೂದಲು ಕೆದರಿಕೊಂಡು ಹೋಗಿ ಕೂತು, ತನ್ನ ಎಮ್ಮೆ ತನ್ನ ಜೊತೆ ಮಾತಾಡುತ್ತದೆ ಎಂದಳು. ಅವರು ನಗಲಿಲ್ಲ, ಹೆದರಲಿಲ್ಲ. ಏನು ಮಾತಾಡುತ್ತದೆ ಎಂದು ಕೇಳಿದರು. ಅಕ್ಕ ಅಷ್ಟು ದೂರ ಯೋಚಿಸಿರಲಿಲ್ಲ.

'ಹಿಂಡಿ ತುಟ್ಟಿ ಆಗ್ಯಾದ ಅಂತದರಿ.'

ವೈದ್ಯರು ನನ್ನನ್ನು ನೋಡಿ, ಇವರು ಯಾವಾಗಿನಿಂದ ಹೀಗಿದ್ದಾರೆ ಎಂದರು. ನನಗೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

'ಹುಟ್ಟಿದಾಗಿಂದ ಹಿಂಗೇ ಅದಾಳ್ರಿ.'

ಅವರು ಅಷ್ಟಕ್ಕೇ ಬಿಡಲಿಲ್ಲ. ನಿದ್ದೆ, ಹಸಿವು ವಿಚಾರಿಸಿದರು, ಕಣ್ಣು ಬಿಡಿಸಿ ನೋಡಿದರು, ರಕ್ತದೊತ್ತಡ ಅಳೆದರು. ಅದು ಏರಿ ಕೂತಿತ್ತು! ಎಮ್ಮೆಯ ವಿಚಾರ ಮುಂದಿನ ಸಲ, ಮೊದಲು ಇದಕ್ಕೆ ಔಷಧ ಎಂದು ಬೇರೆ ಡಾಕ್ಟರಿಗೆ ಚೀಟಿ ಬರೆದರು. ಸುಳ್ಳು ಹುಚ್ಚಿಗೆ ಖರೇ ಬಿ.ಪಿ. ಗುಳಿಗೆ ಸಿಕ್ಕಿತು. ಹೊರಗೆ ಬಂದು ಅಕ್ಕ ತೀರ್ಪು ಕೊಟ್ಟಳು. 'ಎತ್ತು ಗಟ್ಟಿ ಅದ. ಬಾಯಿ ಸುಳ್ಳು ಹೇಳಿದ್ರೂ ಮೈಯಾಗಿನ ಖರೇ ಹಿಡದ.'

ಇನ್ನೊಂದು ಎತ್ತು ಕಲಬುರಗಿಯಲ್ಲಿತ್ತು. ಅಲ್ಲಿನ ಕ್ಲಿನಿಕಲ್ ಸೈಕಾಲಜಿಸ್ಟ್ ನನ್ನ ಮಗಳಿಗಿಂತ ತುಸು ದೊಡ್ಡವಳಂತೆ ಕಾಣುವ ಹೆಣ್ಣುಮಗಳು. ನನ್ನನ್ನು ಹೊರಗೆ ಕೂಡಿಸಿ ಬಾಗಿಲು ಹಾಕಿದಳು. ಅಕ್ಕ ಈ ಸಲ ಎಮ್ಮೆಯ ಮಾತನ್ನು ಬಸ್ಸಿನುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಎಮ್ಮೆಗೆ ಒಬ್ಬ ತಮ್ಮನನ್ನೂ ಸೃಷ್ಟಿಸಿದ್ದಳು! ಒಳಗಿನಿಂದ ಮೊದಮೊದಲು ಅವಳ ಗಟ್ಟಿ ದನಿ ಕೇಳಿತು. ಆಮೇಲೆ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಹೊರಗೆ ಬಂದಾಗ ಅಕ್ಕನ ಕಣ್ಣು ಕೆಂಪಾಗಿತ್ತು.

ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದ. ಅಕ್ಕ ಜಗಳಕ್ಕಿಳಿಯಲಿಲ್ಲ. ಅವಳನ್ನು ಬಲ್ಲ ಅವನೇ ಗಾಬರಿಯಾಗಿ ತಿರುಗಿ ನೋಡಿದ. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ಬಾಯಿ ಬಿಟ್ಟಳು.

'ಎಮ್ಮಿ ಮಾತಾಡಲಿ ಅಂತ ನಿಮಗ ಯಾಕ ಅನಸ್ತದ, ಮನಿಯಾಗ ಮಾತಾಡವರು ಯಾರೂ ಇಲ್ಲೇನು ಅಂತ ಕೇಳಿದ್ಳು ಆ ಹುಡುಗಿ. ನಾ ನಿಮ್ಮ ಮಾವನ ಸುದ್ದಿ ಹೇಳಿಬಿಟ್ಟೆ.'

ನಮ್ಮ ಮಾವ ಎಂದರೆ ಅಕ್ಕನ ಗಂಡ. ಅವರಿಗೆ ಮಾತು ಮೆಲ್ಲಗೆ ಕಡಿಮೆಯಾಗಿ ಒಂದು ದಿನ ಪೂರಾ ನಿಂತುಹೋಗಿತ್ತು. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಕೆಲವರು, ಸೋಮಾರಿತನ ಎಂದರು ಕೆಲವರು. ಅದೊಂದು ಕಾಯಿಲೆ, ಅದಕ್ಕೆ ಔಷಧವಿದೆ, ಮಾತಿದೆ ಎಂದು ಒಬ್ಬರೂ ಹೇಳಲಿಲ್ಲ. ಅಕ್ಕ ಉತ್ತರ ಬಾರದ ಮನೆಯಲ್ಲಿ ಅವರು ಹೋಗುವತನಕ ಒಬ್ಬಳೇ ಮಾತಾಡಿದಳು. ಲೋಕದ ಜೊತೆ ಅವಳ ಜಗಳವೆಲ್ಲ ಬಿರುಸಾದದ್ದು ಆಮೇಲೆಯೇ.

ಮನೆಗೆ ಬಂದ ಮೇಲೆ ಅಕ್ಕ ಯಾವ ಎತ್ತು ಎಂದು ಹೇಳಲಿಲ್ಲ. ತಾನು ಹೂಡಬೇಕಾದದ್ದು ಡಾಕ್ಟರುಗಳನ್ನಲ್ಲ, ನಮ್ಮ ಹುಡುಗಿಯನ್ನು ಎಂದಳು. ಮಗಳನ್ನು ಎದುರಿಗೆ ಕೂಡಿಸಿಕೊಂಡು ಗಂಡನ ಕತೆಯನ್ನು ಮೊದಲಿನಿಂದ ಹೇಳತೊಡಗಿದಳು. ಹೇಳಿದ್ದನ್ನೇ ಹೇಳಿದಳು. ಬೈದಳು, ಅತ್ತಳು, ನಡುವೆ ಜೋಳದ ಸುದ್ದಿಗೆ ಹೋಗಿ ಬಂದಳು. ನಾನಾಗಿದ್ದರೆ ನೀರು ಕೊಟ್ಟು, ಹೋಗಲಿ ಬಿಡು ಎನ್ನುತ್ತಿದ್ದೆ. ಮಗಳು ಹೋಗಲಿ ಬಿಡು ಅನ್ನಲಿಲ್ಲ. ಚಹಾ ಕೆನೆಗಟ್ಟಿತು, ಹುಡುಗಿ ಅಲುಗಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು. 'ದೊಡ್ಡವ್ವ, ಅವಾಗ ನಿನ್ನ ಯಾರು ಮಾತಾಡಸ್ತಿದ್ರು?'

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮವರನ್ನು ಕರೆದಳು. ಸೀಟು ಬೇಡ ಎಂದು ಹೇಳಿಬಿಡಿ ಎಂದಳು. ನಮ್ಮವರು ಮಗಳ ಮುಖ ನೋಡಿದರು. ಅವಳು ಹೂಂ ಅಂದಳು.

ಸುರಪುರಕ್ಕೆ ಸುದ್ದಿ ಮುಟ್ಟಿ ನಮ್ಮವರ ಅಣ್ಣ ಮುಂದಿನ ಬಸ್ಸಿಗೇ ಬಂದರು. ಡಾಕ್ಟರ್ ಸೀಟು ಬಿಟ್ಟವರನ್ನು ಕಂಡು ಮಂದಿ ನಗುತ್ತಾರೆ ಎಂದು ಕೂಗಾಡಿದರು. ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು.

'ನಗಲಿ ಬಿಡ್ರಿ. ಅಳೂ ಮಂದಿನ ನೋಡಾಕ ಹೊಂಟಾಕಿ, ನಗೂ ಮಂದಿಗಿ ಅಂಜತಾಳೇನು?'

ಮಂದಿ ನಕ್ಕರು, ಸುಳ್ಳೇಕೆ ಹೇಳಲಿ? ಬಹಳ ವರ್ಷ ನಕ್ಕರು. ಇಷ್ಟು ಓದಿಯೂ ಒಂದು ಗುಳಿಗೆ ಬರೆಯಲು ಬಾರದ ಡಾಕ್ಟರು ಎಂದು ಮದುವೆ ಮನೆಗಳಲ್ಲಿ ಕೇಳಿಸುವಂತೆ ಅಂದರು. ಅನ್ನಲಿ. ಈಗ ಮಗಳು ಓದು ಮುಗಿಸಿ ಆಸ್ಪತ್ರೆಯೊಂದರಲ್ಲಿದ್ದಾಳೆ, ಅವಳ ಕೋಣೆಯ ಪಕ್ಕದ ಕೋಣೆಯಲ್ಲಿ ಮನೋವೈದ್ಯರೊಬ್ಬರು ಕೂಡುತ್ತಾರೆ. ಗುಳಿಗೆ ಬೇಕಾದವರನ್ನು ಇವಳು ಅಲ್ಲಿಗೆ ಕಳಿಸುತ್ತಾಳೆ, ಮಾತು ಬೇಕಾದವರನ್ನು ಅವರು ಇಲ್ಲಿಗೆ. ನಕ್ಕವರಲ್ಲಿ ಕೆಲವರು ಹಿಂದಿನ ಬಾಗಿಲಿನಿಂದ ಬಂದು ಹೋಗಿದ್ದಾರೆ. ಯಾರು ಎಂದು ಮಗಳು ನನಗೂ ಹೇಳುವುದಿಲ್ಲ.

ಅಕ್ಕ ಹೋದ ದಿನ ನನಗೆ ಅಳು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಬರಲಿಲ್ಲ. ಉಣ್ಣುವುದು ಬೇಡವಾಯಿತು, ಮಾತು ಬೇಡವಾಯಿತು. ಬಂದವರೆಲ್ಲ, ಅತ್ತುಬಿಡು ಎನ್ನುವವರು, ಗಟ್ಟಿ ಮಾಡಿಕೋ ಎನ್ನುವವರು. ಓದಿದವಳು ನೀನು, ನಿಮ್ಮವ್ವನಿಗೆ ಏನಾದರೂ ಹೇಳಬಾರದೇ ಎಂದು ಮಗಳನ್ನು ಕೇಳಿದರು. ಹೇಳುವುದು ಏನೂ ಇಲ್ಲ ಎಂದು ಅವಳು ಎಲ್ಲರಿಗೂ ಹೊರಗಿನ ಕೋಣೆ ತೋರಿಸಿ, ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ನನ್ನ ಪಕ್ಕ ಕೂತಳು. ಎಷ್ಟು ಹೊತ್ತು ಕೂತಳೋ ತಿಳಿಯದು.

ಕೊನೆಗೆ ನನ್ನ ಬಾಯಿಂದ ಬಂದದ್ದು ಇದು. 'ಸಣ್ಣಾಕಿದ್ದಾಗ ಅಕ್ಕ ನನ್ನ ಜಡಿ ಬಾಳ ಬಿಗಿ ಹಾಕ್ತಿದ್ಳು. ಕಣ್ಣು ಮ್ಯಾಲ ಹೋಗ್ತಿದ್ದವು.'

ಮಗಳು ಎದ್ದು ನನ್ನ ಹಿಂದೆ ಕೂತಳು. ಬಿಚ್ಚಿ ಹರಡಿದ್ದ ನನ್ನ ನರೆಗೂದಲನ್ನು ಬಾಚಿ, ಮೂರು ಎಳೆ ಮಾಡಿ, ಮೆತ್ತಗೆ ಹೆಣೆಯತೊಡಗಿದಳು.

'ಇನ್ನಾ ಬಿಗಿ ಹಾಕು' ಎಂದೆ.