ಚೂರು ಎಂದರೆ ಎಷ್ಟು ಸುತ್ತು?

ನನಗೊಂದು ಚಾಳಿಯಿದೆ: ಕೆಲಸ ಮಾಡುವುದಕ್ಕಿಂತ ಅದಕ್ಕೆ ನಿಯಮ ಮಾಡುವುದರಲ್ಲೇ ಹೆಚ್ಚು ಸುಖ. ಮನೆಯಲ್ಲಿ ಬಟ್ಟೆ ಒಣಹಾಕುವುದಕ್ಕೂ ನಿಯಮ ಬರೆದು ಗೋಡೆಗೆ ಅಂಟಿಸಿದ್ದೆ. ಹೆಂಡತಿ ಆ ಹಾಳೆಯಲ್ಲಿ ಕರಿಬೇವು ಸುತ್ತಿಟ್ಟಳು. ಹೀಗಿರುವಾಗ, ನಾನು ಸೂಪರ್‌ವೈಸರ್ ಆಗಿರುವ, ಆಂಧ್ರ ಗಡಿಯ ರಾಯದುರ್ಗದ ಜೀನ್ಸ್ ಹೊಲಿಗೆ ಘಟಕದ ಮಾಲೀಕರು, "ಮಡಕಶಿರದಾಗ ಇನ್ನೊಂದು ಘಟಕ ತೆರೀತೀವ್ರಿ. ಅಲ್ಲಿ ಹೊಸಬರಿಗೆ ಮಿಷಿನ್ ನಡೆಸೋದು ಹೆಂಗಂತ ಒಂದು ಪುಸ್ತಕ ಬರೀರಿ. ಹದಿನೈದು ದಿನದಾಗ ಬೇಕು" ಎಂದರು. ನಾನು ಮೊದಲು ಬರೆದದ್ದು ಪುಸ್ತಕವನ್ನಲ್ಲ, ಅದನ್ನು ಹೇಗೆ ಬರೆಯಬೇಕೆಂಬ ನಿಯಮಗಳನ್ನು. ಒಂದು ವಸ್ತುವಿಗೆ ಒಂದೇ ಹೆಸರು. ಒಂದು ವಾಕ್ಯಕ್ಕೆ ಒಂದೇ ಕೆಲಸ.

ಹೇಳಿಕೊಡಲು ನಮ್ಮ ಹಿರಿಯ ಟೈಲರ್ ಈರಮ್ಮ ಕೂತರು. ಹೊಸ ಘಟಕ ನೋಡಿಕೊಳ್ಳಲಿದ್ದ ರಂಗಣ್ಣ ಮಡಕಶಿರದಿಂದ ಬಂದರು. ಮೊದಲ ಪುಟದಲ್ಲೇ ತಕರಾರು.

"ದಾರ ಬಿಗಿ ಆದ್ರ ಸ್ಕ್ರೂ ಚೂರು ಸಡ್ಲ ಮಾಡ್ರಿ, ಅಂತ ಬರ್ಕೊಳ್ರಿ," ಎಂದರು ಈರಮ್ಮ.

"ಚೂರು ಅಂದ್ರೆ ಎಷ್ಟಕ್ಕಾ? ನಮ್ ಕಡೆ ವಸಿ ಅಂತೀವಿ," ಎಂದರು ರಂಗಣ್ಣ.

"ವಸಿ ಅಂದ್ರ ಎಷ್ಟ್ರಿ?"

"ವಸಿ ಅಂದ್ರೆ... ವಸೀನೇ."

ಇಬ್ಬರಿಗೂ ತಿರುಗಿಸಿ ತೋರಿಸಲು ಹೇಳಿದೆ. ಈರಮ್ಮನ ಚೂರು ಕಾಲು ಸುತ್ತು. ರಂಗಣ್ಣನ ವಸಿಗೆ ಸ್ಕ್ರೂ ಕಳಚಿ ನೆಲಕ್ಕೆ ಬಿತ್ತು. ಮೂವರೂ ಮಂಡಿಯೂರಿ ಹುಡುಕಿದೆವು. ಎದ್ದವನೇ ಮೂರನೆಯ ನಿಯಮ ಬರೆದೆ: ಚೂರು, ವಸಿ, ತೆಲುಗಿನ ಕೊಂಚೆಂ, ಯಾವುದಕ್ಕೂ ಪುಸ್ತಕದೊಳಗೆ ಪ್ರವೇಶವಿಲ್ಲ, ಎಷ್ಟು ಸುತ್ತು ಎಂದೇ ಬರೆಯಬೇಕು.

ಹತ್ತನೆಯ ದಿನ ಪುಸ್ತಕ ಮುಗಿಸಿ ಮೀಸೆ ತಿರುವಿದೆ. ಈರಮ್ಮ ಒಪ್ಪಲಿಲ್ಲ.

"ಓದಿದವರಿಗೆ ಹೊಲಿಯಾಕ ಬರ್ತದೇನ್ರಿ? ನೀವ ಕೂತು ನೋಡ್ರಿ."

"ನಾನ್ಯಾಕ್ರಿ?"

"ಇಲ್ಲಿ ಹೊಲಿಯಾಕ ಬರದವ್ರು ನೀವೊಬ್ರ ಅಲ್ಲೇನ್ರಿ!"

ಮೂವತ್ತು ಟೈಲರ್‌ಗಳು ಮಿಷಿನ್ ನಿಲ್ಲಿಸಿ ನೋಡುತ್ತಿದ್ದರು. ನಾನು ಬರೆದದ್ದನ್ನೇ ಸಾಲುಸಾಲಾಗಿ ಓದಿ, ಹಾಗೆಯೇ ಮಾಡಿ, ಪೆಡಲ್ ಒತ್ತಿದೆ. ಬಟ್ಟೆಯ ಅಡಿಯಲ್ಲಿ ದಾರ ಹಕ್ಕಿಗೂಡಿನಂತೆ ಗೋಜಲಾಯಿತು.

"ಬಟ್ಟಿ ಒತ್ತಿ ಹಿಡಿಯೋ ಪಾದಾನ ಇಳಿಸಿಲ್ಲಲ್ರಿ!" ಎಂದರು ಈರಮ್ಮ.

"ಪುಸ್ತಕದಾಗ ಇಲ್ಲಲ್ರಿ."

ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಅದನ್ನೂ ಹೇಳಬೇಕೇನ್ರಿ? ನನ್ನ ಕೈ ತಾನ ಇಳಿಸ್ತದ."

ಅವಮಾನ ನುಂಗಿ, ಹಟ ಹಿಡಿದೆ. ಪ್ರತಿ ಪುಟವನ್ನೂ ಹೊಲಿಗೆ ಬಾರದವರು ಹೊಲಿದೇ ಪರೀಕ್ಷಿಸಬೇಕು ಎಂಬುದು ನಾಲ್ಕನೆಯ ನಿಯಮವಾಯಿತು. ಐದು ದಿನ ಕೂತು ಜೇಬು ಹೊಲಿದೆ, ಬಿಚ್ಚಿದೆ, ಪುಸ್ತಕ ತಿದ್ದಿದೆ. ಹದಿನೈದನೆಯ ದಿನ ರಂಗಣ್ಣ ಪುಸ್ತಕ ಹಿಡಿದು ಬಸ್ ಹತ್ತಿದರು. ವಾರದ ಮೇಲೆ ಫೋನ್ ಬಂತು: "ಸಾರ್, ಇಬ್ರು ಹೊಸ ಹೆಣ್ಮಕ್ಳು ಪುಸ್ತಕ ನೋಡ್ಕೊಂಡೇ ನೆಟ್ಟಗೆ ಹೊಲ್ದವ್ರೆ!"

ಮಾಲೀಕರು ಖುಷಿಯಾಗಿ, ಜಿಪ್ ಕೂಡಿಸುವುದಕ್ಕೂ ಒಂದು ಪುಸ್ತಕ ಬರೆಯಿರಿ ಎಂದರು. ನಾನು ಗಂಭೀರವಾಗಿ ಈರಮ್ಮನಿಗೆ ಹೇಳಿದೆ: "ಈಗ ನನಗೂ ಹೊಲಿಗಿ ಬಂತು. ಪರೀಕ್ಷಾ ಮಾಡಾಕ ಬ್ಯಾರೆ ಯಾರನ್ನಾದ್ರೂ ಹುಡುಕಬೇಕಲ್ರಿ?"

ಅವರು ನಾನು ಹೊಲಿದಿದ್ದ ಜೇಬನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಚಿಂತಿ ಮಾಡಬ್ಯಾಡ್ರಿ. ನೀವಿನ್ನೂ ಲಾಯಕ್ಕ ಅದೀರಿ."